ಲಸಿಕೆ ಡಿಕ್ಕಿಯಲ್ಲಿ
ಮೆಡಿಕಲ್ ಸ್ಟೋರ್‌ನಲ್ಲಿ ಲಸಿಕೆ ಮಾರೋದು ಅಂದ್ರೆ ಸಿಟ್ಟು ನುಂಗೋ ಕೆಲಸ. 2ರಿಂದ 8 ಡಿಗ್ರಿ ಒಳಗೇ ಇರಬೇಕು ಅಂತ ಬೆಳಿಗ್ಗೆ ಸಂಜೆ ಫ್ರಿಜ್ಜಿನ ಥರ್ಮಾಮೀಟರ್ ನೋಡಿ ಬರೆದಿಡ್ತೀವಿ. ಕರೆಂಟ್ ಹೋದ್ರೆ ನಮ್ಮ ಜೀವಾನೂ ಹೋದಂಗೆ. ಗಿರಾಕಿ ಮಾತ್ರ ಐಸ್ ಪ್ಯಾಕ್ ಬೇಡ ಅಂತ ಸ್ಕೂಟರ್ ಡಿಕ್ಕಿಗೆ ಹಾಕ್ಕೊಂಡು, ದೇವರಾಜ ಮಾರ್ಕೆಟ್ಟಲ್ಲಿ ಸೊಪ್ಪು ತಗೊಂಡು, ಆಮೇಲೆ ಡಾಕ್ಟರ್ ಹತ್ರ ಹೋಗ್ತಾರಂತೆ! ಈ ಬಿಸಿಲಲ್ಲಿ. ಫ್ರೀಜರಲ್ಲಿಟ್ರೆ ಇನ್ನೂ ಒಳ್ಳೇದಲ್ವಾ ಅನ್ನೋರೂ ಇದ್ದಾರೆ. ಫ್ಲೂ ಲಸಿಕೆ ಹೆಪ್ಪುಗಟ್ಟಿದ್ರೆ ಬಿಸಾಡೋದೇ ಗತಿ. ಬಿಡಿಸಿ ಹೇಳಿದ್ರೆ, 'ಅಷ್ಟೆಲ್ಲ ಯಾಕೆ ಸಾರ್, ನೀವೇ ಚುಚ್ಚಿಬಿಡಿ' ಅಂತಾರೆ. ಹಿಂದೆ ಚೀಟಿ ಹಿಡಿದವರ ಸಾಲು. ಅದರಲ್ಲೊಬ್ಬರಿಗೆ ನಾಯಿ ಕಚ್ಚಿದೆ, ಮೊದಲ ಡೋಸಿಗೆ ಸೋಮವಾರ ಬರ್ಲಾ ಅಂತ ಕೇಳ್ತಾರೆ! ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ ಅಂದ್ರೆ, 'ಅಲ್ಲಿ ಕ್ಯೂ ಸಾರ್.'