ಒಂದೇ ಮಾರಿ, ಮೂರು ನಾಟಕ

ಮಾರ್ಚ್ ಬಂತೆಂದರೆ ನನ್ನ ಮೀಸೆಗೆ ಕಷ್ಟಕಾಲ.

ಈ ಸಲ ಧಾರವಾಡದ ತಂಡದಲ್ಲಿ ನಾನು ಕಾಲೇಜು ಮಾಸ್ತರ. ಮೀಸೆ ಬೇಡ ಎಂದರು. ಹುಬ್ಬಳ್ಳಿಯ ತಂಡದಲ್ಲಿ ಜೈಲಿನಿಂದ ಬಿಡುಗಡೆಯಾಗಿ ಬಂದವನು. ಎರಡು ವಾರದ ಗಡ್ಡ ಬೇಕು, ಅದೂ ಅಸಲಿ. ಕುಂದಗೋಳದ ಆಚೆ ನಮ್ಮೂರ ಜಾತ್ರೆ ನಾಟಕದಲ್ಲಿ ನಾನು ಗೌಡ. ಮೀಸೆ ಇಲ್ಲದ ಗೌಡ ಬಂದರೆ ನಮ್ಮೂರ ಮಂದಿ ಪರದೆ ಇಳಿಸಿಯೇ ಬಿಡುತ್ತಾರೆ. ಕಟಿಂಗ್ ಅಂಗಡಿಯವನು ಎಲ್ಲ ಕೇಳಿಸಿಕೊಂಡು ಕತ್ತರಿ ಕೆಳಗಿಟ್ಟ. “ಮೊದ್ಲ ನಿಮ್ಮ ಮೂರೂ ಪಾತ್ರದವ್ರು ಕೂಡಿ ಕುಂತು ಮಾತಾಡ್ಕೊಂಡು ಬರ್ರಿ ಸರ” ಎಂದ.

ಒಮ್ಮೆಗೇ ಮೂರು ನಾಟಕ ಯಾರೂ ಒಪ್ಪಿಕೊಳ್ಳುವುದಿಲ್ಲ. ನವೆಂಬರಿನಲ್ಲಿ ಒಬ್ಬರು ಬರುತ್ತಾರೆ, ಸಂಕ್ರಾಂತಿಗೆ ಇನ್ನೊಬ್ಬರು. ಎಲ್ಲರದೂ ಒಂದೇ ಮಾತು: “ಇನ್ನಾ ಭಾಳ ದಿವ್ಸ ಅದಾವ್ರಿ.” ಆ ಭಾಳ ದಿವ್ಸವೆಲ್ಲ ಸೇರಿ ಮಾರ್ಚಿನ ಕೊನೆಯ ವಾರಕ್ಕೇ ಬಂದು ಬೀಳುತ್ತವೆ. 27ಕ್ಕೆ ವಿಶ್ವ ರಂಗಭೂಮಿ ದಿನ. 1962ರಿಂದ ನಡೆದುಬಂದದ್ದು, ನನಗೋಸ್ಕರ ಯಾರು ಮುಂದೂಡುತ್ತಾರೆ? 31ಕ್ಕೆ ಅನುದಾನದ ಲೆಕ್ಕ ಮುಚ್ಚಬೇಕು. ಅಲ್ಲೇ ಅಕ್ಕಪಕ್ಕ ಉಗಾದಿ, ಜಾತ್ರೆ.

ಗದಗಿನಲ್ಲಿ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇತ್ತಲ್ಲ, ಅಂಥ ಕಂಪನಿಗಳ ನಟರು ಎಷ್ಟೋ ನಾಟಕಗಳನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ತಿರುಗುತ್ತಿದ್ದರು. ಆದರೆ ಅವರಿಗೆ ಮಾಲೀಕ ಒಬ್ಬ, ಊಟದ ಪಂಕ್ತಿ ಒಂದು. ನನಗೆ ಮೂರು ವಾಟ್ಸಾಪ್ ಗುಂಪು. ಧಾರವಾಡದವರಿಗೆ ಆಫೀಸಿನಲ್ಲಿ ಆಡಿಟ್ ಎನ್ನುತ್ತೇನೆ. ಆಫೀಸಿಗೆ ಮನೆಯಲ್ಲಿ ಆರಾಮಿಲ್ಲ ಎನ್ನುತ್ತೇನೆ. ಮನೆಗೆ, ತಾಲೀಮು ಇವತ್ತೇ ಕಡೇದು ಎನ್ನುತ್ತೇನೆ. “ಈ ಡೈಲಾಗ್ ಮಾತ್ರ ಒಮ್ಮೆಯೂ ಮರೆಯಂಗಿಲ್ಲ ನೋಡ್ರಿ ನೀವು” ಎಂದು ಹೆಂಡತಿ ಒಳಗೆ ಹೋಗುತ್ತಾಳೆ.

ಮಾತು ಬಾಯಿಪಾಠ ಮಾಡಲು ನನಗೆ ಸಿಗುವ ಜಾಗ ಚಿಗರಿ ಬಸ್ಸು. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿ.ಮೀ. ಸತ್ತೂರು ದಾಟುವವರೆಗೆ ಮಾಸ್ತರನ ಮಾತು, ನವನಗರದಿಂದ ಜೈಲಿನವನದು. ಉಣಕಲ್ ಕೆರೆ ಕಂಡಾಗ ಕಣ್ಣೀರಿನ ದೃಶ್ಯ. ಪಕ್ಕದಲ್ಲಿ ಕುಂತ ಅಜ್ಜಿ ಒಮ್ಮೆ ಬಾಳೆಹಣ್ಣು ಕೊಟ್ಟು “ಅಳಬ್ಯಾಡ ತಮ್ಮಾ, ಎಲ್ಲಾ ಚೊಲೋ ಆಗ್ತದ” ಎಂದಳು. ನಾಟಕ ಎಂದು ಹೇಳಲು ಮನಸ್ಸಾಗಲಿಲ್ಲ. ಹಣ್ಣು ತಿಂದೆ.

ಆದರೂ ಮಾತು ಕಲೆಸಿಹೋಗುತ್ತದೆ. ಹುಬ್ಬಳ್ಳಿಯ ತಾಲೀಮಿನಲ್ಲಿ, ಜೈಲಿಗೆ ನೋಡಲೂ ಬಾರದ ಹೆಂಡತಿಯ ಎದುರು ಹಲ್ಲು ಕಚ್ಚಿ ನಿಂತು ಮಾಸ್ತರನ ಮಾತು ಹೇಳಿಬಿಟ್ಟೆ: “ನಿನ್ನ ಹಾಜರಿ ಬಹಳ ಕಡಿಮೆ ಇದೆ.” ಎಲ್ಲರೂ ಸುಮ್ಮನಾದರು. ನಿರ್ದೇಶಕರು ಕನ್ನಡಕ ಸರಿಮಾಡಿಕೊಂಡು “ಇದು ಚೊಲೋ ಐತಿ, ಇಟ್ಕೋರಿ” ಎಂದರು. ಈಗಲೂ ಆ ನಾಟಕದಲ್ಲಿ ಜಾಸ್ತಿ ಚಪ್ಪಾಳೆ ಬೀಳುವುದು ಅದೇ ಮಾತಿಗೆ.

ದಿನಾಂಕಗಳು ಹೇಗೋ ಹೊಂದಿಕೊಂಡವು. ಮೊದಲು ಗಡ್ಡದ ನಾಟಕ, 27ಕ್ಕೆ ಬೋಳು ಮುಖದ್ದು, ಅದಾಗಿ ಎರಡೇ ದಿನಕ್ಕೆ ಊರಲ್ಲಿ ಮೀಸೆಯದು. ಎರಡು ದಿನದಲ್ಲಿ ಮೀಸೆ ಎಲ್ಲಿಂದ ಬರಬೇಕು? ಸ್ಪಿರಿಟ್ ಗಮ್ ಹಚ್ಚಿ ಕ್ರೇಪ್ ಕೂದಲು ಅಂಟಿಸಿದರು.

ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕರೆಸಿದ್ದ ಕಲಾವಿದೆ ರಾತ್ರಿ ಎಂಟಕ್ಕೆ ಬಂದಿಳಿದರು. ನಾವು ಎರಡು ತಿಂಗಳು ತಾಲೀಮು ಮಾಡಿದ ನಾಟಕ. ಅವರು ಒಂದು ಕೈಯಲ್ಲಿ ಚಹಾ ಹಿಡಿದು, ಇನ್ನೊಂದು ಕೈಯಲ್ಲಿ ಪುಸ್ತಕದ ಹಾಳೆ ತಿರುವಿದರು. ಪೇಟಿ ಮಾಸ್ತರರ ಹತ್ತಿರ ಹಾಡಿನ ಸ್ವರ ಕೇಳಿಕೊಂಡರು. ಬಳೆ ಏರಿಸುತ್ತಾ “ಗೌಡ್ರು ನೀವೇನ್ರಿ?” ಎಂದರು, ಅಷ್ಟೇ. ಹಿಂದಿನ ರಾತ್ರಿ ಬೇರೆ ಊರು, ಬೇರೆ ನಾಟಕ. ಸೀಸನ್ನಿನಲ್ಲಿ ರಾತ್ರಿ ಖಾಲಿ ಇರುವುದೇ ಅಪರೂಪವಂತೆ.

ಎರಡನೇ ಅಂಕದ ಹೊತ್ತಿಗೆ ಸೆಖೆಗೆ ನನ್ನ ಮೀಸೆಯ ಎಡಭಾಗ ಎದ್ದು ನಿಂತಿತು. ಕೈಯಲ್ಲಿ ಒತ್ತಿಕೊಂಡೆ, ಮಾತು ಮರೆತೆ. ವಿಂಗಿನಲ್ಲಿ ಪ್ರಾಂಪ್ಟರ್‌ಗೂ ನಗು. ಆಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. “ಗೌಡ್ರ, ನೀವು ಇಲ್ಲೇ ನಿಂತೀರಿ, ನಿಮ್ಮ ಮೀಸಿ ಯಾಕೋ ನಮ್ಮ ಊರ ಕಡೆ ಹೊಂಟೈತಲ್ರಿ?” ಶಿಳ್ಳೆ ನಿಲ್ಲಲು ಎರಡು ನಿಮಿಷ ಬೇಕಾಯಿತು. ಅಷ್ಟರಲ್ಲಿ ನನಗೆ ಮಾತೂ ನೆನಪಾಯಿತು, ಮೀಸೆಯೂ ಅಂಟಿತು.

ನಾಟಕ ಮುಗಿದಾಗ ನಸುಕು. ಬಸ್ ಸ್ಟಾಪಿನಲ್ಲಿ ಆಕೆ ಬ್ಯಾಗಿನ ಮೇಲೆ ಕುಂತಿದ್ದರು, ಕಣ್ಣಿನ ಕಾಡಿಗೆ ಇನ್ನೂ ಹೋಗಿರಲಿಲ್ಲ. ನನ್ನ ಕಡೆ ಒಂದು ಪುಸ್ತಕ ಚಾಚಿದರು.

“ಅಣ್ಣಾರ, ಇವತ್ತ ರಾತ್ರಿ ನಾ ಯಾರ ಹೇಂತಿ ಅಂತ ಒಂಚೂರು ನೋಡಿ ಹೇಳ್ರಿ. ನನ್ನ ಚಾಳೀಸ ಬ್ಯಾಗಿನ ತಳದಾಗ ಐತಿ.”

ನೋಡಿದೆ. ಹೆಂಡತಿಯಲ್ಲ, ತಂಗಿ.

“ಹಂಗಾರ ಹಸರ ಸೀರಿ ಸಾಕು” ಎಂದು ಅವರು ಲಕ್ಷ್ಮೇಶ್ವರದ ಬಸ್ಸು ಹತ್ತಿದರು.