ಚೀಟಿಯಲ್ಲಿ ಬರೆದುಕೊಟ್ಟರೆ ಸಾಲದು

ಶುಗರ್ ಇರುವವರಿಗೆ ವಾರಕ್ಕೆ 150 ನಿಮಿಷ ನಡೆಯಿರಿ ಅಂತ ಡಾಕ್ಟರ್ ಹೇಳಿದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಇದನ್ನು ನಾನು ಒಪ್ಪುವುದಿಲ್ಲ. ನಮ್ಮಮ್ಮನಿಗೆ ಶುಗರ್, ಇನ್ಸುಲಿನ್ ಬೇರೆ. ಇಲ್ಲಿ ಸೋಮವಾರಪೇಟೆ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಅಂಗಳಕ್ಕೆ ಇಳಿಯುವುದೇ ಕಷ್ಟ, ತೋಟದ ತುಂಬ ಜಿಗಣೆ, ಇನ್ನು ನಡೆಯುವುದೆಲ್ಲಿ? ದಾರಿ ತೋರಿಸಿದ್ದು ಒಬ್ಬ ನರ್ಸ್. ಊಟವಾದ ಮೇಲೆ ಜಗಲಿಯಲ್ಲೇ 10 ನಿಮಿಷ ಓಡಾಡಿ, ಕುರ್ಚಿಯಲ್ಲಿ ಕೂತು ಎದ್ದು ಮಾಡಿ ಅಂತ ತಾವೇ ಮಾಡಿ ತೋರಿಸಿದರು. ನಡೆಯುವಾಗ ಬೆವರು, ನಡುಕ ಬಂದರೆ ಶುಗರ್ ಇಳಿದಿರಬಹುದು, ತಕ್ಷಣ ಬಾಯಿಗೆ ಹಾಕಿಕೊಳ್ಳೋಕೆ ಸಕ್ಕರೆ ಪೊಟ್ಟಣ ಜೊತೆಗಿರಲಿ ಅಂದರು. ಶುಗರ್‌ನಿಂದ ಮರಗಟ್ಟಿದ ಪಾದಕ್ಕೆ ಗಂಬೂಟು ಉಜ್ಜಿದ ಗಾಯವೂ ಗೊತ್ತಾಗಲ್ಲ ಅಲ್ವಾ, ಅದಕ್ಕೇ ದಿನಾ ರಾತ್ರಿ ಬೆರಳ ಸಂದಿ ನೋಡುವುದನ್ನು ಕಲಿಸಿದ್ದೂ ಅವರೇ.