ಕುರ್ಚಿ ಸರಿಸಬೇಡ

"ಅಪ್ಪಾ, ಆ ಕುರ್ಚಿ ಸರಿಸ್ಬೇಡ!"

ಕಿಟಕಿ ಹತ್ತಿರ ಬೆಳಕು ಚೆನ್ನಾಗಿದೆ ಅಂತ ಎರಡು ಅಡಿ ಎಳೆದಿದ್ದೆ, ಅಷ್ಟೆ. ಮಗಳು ಕೋಣೆಯಿಂದ ಓಡಿಬಂದಳು. ಅದರ ಮೇಲೆ ಸ್ವಾತಂತ್ರ್ಯದ ಬಗ್ಗೆ ಯಾರೋ ಹೇಳಿದ ಮಾತೊಂದನ್ನು ಕೂರಿಸಿದ್ದಾಳಂತೆ. ಚಪ್ಪಲಿ ಸ್ಟ್ಯಾಂಡಿನಲ್ಲಿ ಸಮಾನತೆ, ಫ್ರಿಜ್ಜಿನೊಳಗೆ ಪರಿಸರ, ಕನ್ನಡಿಯ ಹಿಂದೆ ವಿಜ್ಞಾನ. ಪರೀಕ್ಷೆಯಲ್ಲಿ ಪ್ರಬಂಧ ಬರೆಯುವಾಗ ಮನಸ್ಸಿನಲ್ಲೇ ಬಾಗಿಲು ತೆರೆದು ಒಳಬಂದು, ಒಂದೊಂದನ್ನೇ ಎತ್ತಿಕೊಳ್ಳುತ್ತಾ ಹೋಗುವುದು ಅವಳ ಉಪಾಯ. ಕುರ್ಚಿ ಜಾಗ ಬಿಟ್ಟರೆ ಸ್ವಾತಂತ್ರ್ಯವೂ ಕೈಬಿಡುತ್ತದೆ. ಹೀಗಾಗಿ ಸಾಲದ ಕಂತು ಕಟ್ಟುವವನು ನಾನು, ಮನೆ ತುಂಬ ಠಿಕಾಣಿ ಹೂಡಿರುವವರು ಮಹಾಪುರುಷರು.

ನಾವು ಉರು ಹೊಡೆದದ್ದು ಬರೀ ಬಾಯಿಂದ, ಹತ್ತು ಸಲ, ಇಪ್ಪತ್ತು ಸಲ. ಸಾಲಿನ ತಲೆ ನಿಲ್ಲುತ್ತಿತ್ತು, ಬಾಲ ನಿಲ್ಲುತ್ತಿತ್ತು, ಹೊಟ್ಟೆ ಮಾತ್ರ ಮಾಯ. ಪರೀಕ್ಷೆಯಲ್ಲಿ ಆ ಜಾಗಕ್ಕೆ ಮೂರು ಚುಕ್ಕಿ ಇಡುತ್ತಿದ್ದೆವು, ಬೇಕೆಂದೇ ಬಿಟ್ಟಂತೆ.

ಮಗಳ ವಿದ್ಯೆ ಹೊಸದೇನಲ್ಲ. ಇದರ ಹುಟ್ಟಿನ ಕಥೆಯನ್ನು ಪ್ರಾಚೀನ ರೋಮಿನ ವಾಗ್ಮಿ ಸಿಸೆರೊ ಬರೆದಿಟ್ಟಿದ್ದಾನೆ. ಸೈಮೊನೈಡಿಸ್ ಎಂಬ ಗ್ರೀಕ್ ಕವಿ, ಸ್ಕೋಪಾಸ್ ಎಂಬ ಸಿರಿವಂತನ ಔತಣದಲ್ಲಿ ಅವನನ್ನು ಹೊಗಳಿ ಹಾಡಿದ. ಹಾಡಿನಲ್ಲಿ ಕ್ಯಾಸ್ಟರ್, ಪಾಲಕ್ಸ್ ಎಂಬ ಅವಳಿ ದೇವರ ಸ್ತುತಿಯೂ ಧಾರಾಳವಾಗಿ ಬಂತು. ಸ್ಕೋಪಾಸನಿಗೆ ಮೈಯೆಲ್ಲ ಉರಿ. ಮಾತಾಡಿಕೊಂಡಿದ್ದ ಹಣದಲ್ಲಿ ಅರ್ಧ ಕೊಟ್ಟು, "ಮಿಕ್ಕಿದ್ದನ್ನು ಆ ದೇವರ ಹತ್ತಿರವೇ ಇಸ್ಕೋ" ಅಂದ. ಸ್ವಲ್ಪ ಹೊತ್ತಿಗೆ ಕವಿಗೆ ಕರೆ ಬಂತು, ಹೊರಗೆ ಇಬ್ಬರು ತರುಣರು ಕಾಯುತ್ತಿದ್ದಾರೆ ಅಂತ. ಹೋಗಿ ನೋಡಿದರೆ ಯಾರೂ ಇಲ್ಲ. ಅಷ್ಟರಲ್ಲಿ ಹಿಂದೆ ಚಾವಣಿ ಕುಸಿದು ಬಿತ್ತು. ಒಳಗಿದ್ದವರು ಗುರುತೇ ಸಿಗದಂತೆ ಜಜ್ಜಿಹೋಗಿದ್ದರು. ಯಾರು ಎಲ್ಲಿ ಕೂತಿದ್ದರು ಎಂಬುದನ್ನು ನೆನೆದು ಕವಿ ಒಬ್ಬೊಬ್ಬರನ್ನೇ ಗುರುತಿಸಿದ. ಜಾಗ ನೆನಪಿದ್ದರೆ ಎಲ್ಲ ನೆನಪಿರುತ್ತದೆ ಎಂಬ ಸೂತ್ರ ಅಲ್ಲಿ ಹುಟ್ಟಿತಂತೆ. ಹೆಣ ಗುರುತು ಹಿಡಿಯಲು ಒದಗಿದ ವಿದ್ಯೆ ಕೊನೆಗೆ ಮಕ್ಕಳ ಪ್ರಬಂಧಕ್ಕೆ ಬಂದು ನಿಂತಿದೆ.

ನನಗೆ ಮಾತ್ರ ಕಥೆಯ ಈ ಸೂತ್ರಕ್ಕಿಂತ ಆ 'ಅರ್ಧ'ವೇ ಚುಚ್ಚುತ್ತದೆ. ಕೊಟ್ಟ ಮಾತಿನಲ್ಲಿ ಅರ್ಧ ಕತ್ತರಿಸುವವರನ್ನು ನಾನೂ ಕಂಡಿದ್ದೇನೆ. ಒಂಬತ್ತನೇ ತರಗತಿಯಲ್ಲಿ ಮೂರು ಸಾಲಿನ ಉಕ್ತಿಯೊಂದನ್ನು ಅಲ್ಪವಿರಾಮ ಸಮೇತ ತಪ್ಪಿಲ್ಲದೆ ಬರೆದಿದ್ದೆ. ಹೇಳಿದವರ ಹೆಸರು ಮಾತ್ರ ಅದಲುಬದಲಾಗಿತ್ತು. ಮೇಷ್ಟ್ರು ಅರ್ಧ ಅಂಕ ಕಿತ್ತುಕೊಂಡರು. ಹೋಗಿ ಕೇಳಿದೆ. "ಹೆಸರು ಗೊತ್ತಿಲ್ದಿದ್ರೆ ಯಾಕೆ ಬರೀತೀಯ?" ಅಂದರು.

ಸರಿ, ಮುಂದಿನ ಪರೀಕ್ಷೆಯಲ್ಲಿ ಹೆಸರು ಬರೆಯಲಿಲ್ಲ. ಉಕ್ತಿಯೂ ನೆನಪಾಗಲಿಲ್ಲ, ಅದು ಬೇರೆ ಮಾತು. 'ಪ್ರಾಜ್ಞರೊಬ್ಬರು ಹೇಳಿರುವಂತೆ' ಅಂತ ಶುರುಮಾಡಿ, ಉದ್ಧರಣ ಚಿಹ್ನೆ ತೆರೆದು, ನಾನೇ ಒಂದು ಹೊಸೆದೆ. ಅದರಲ್ಲಿ ದೀಪವಿತ್ತು, ಕತ್ತಲೆಯಿತ್ತು, ಕೊನೆಯಲ್ಲಿ ಒಂದು ಹಡಗೂ ಇತ್ತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು, ಪಕ್ಕದಲ್ಲಿ 'ಉತ್ತಮ' ಅಂತ ಬರೆದರು. ಸಾಲದ್ದಕ್ಕೆ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು. ಇಷ್ಟು ವರ್ಷವಾದರೂ ಆ ಕಳೆದ ಅರ್ಧ ಅಂಕ ನನ್ನ ಹೊಟ್ಟೆಯಿಂದ ಇಳಿದಿಲ್ಲ. ಅಂಕ ತಿಂದ ಉಕ್ತಿ ಇವತ್ತಿಗೂ ಅಕ್ಷರಶಃ ಬಾಯಿಗೆ ಬರುತ್ತದೆ. ಹಡಗಿನದು ಏನು ಮಾಡಿದರೂ ನೆನಪಾಗುತ್ತಿಲ್ಲ.

ಆದರೂ ಅಪ್ಪ ಅನಿಸಿಕೊಂಡ ಮೇಲೆ ಬುದ್ಧಿ ಹೇಳಬೇಕಲ್ಲ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ತಾನೇ ಮರೆತು, ಮರೆತ ಲೆಕ್ಕವನ್ನು 1885ರಲ್ಲಿ ಅಚ್ಚು ಹಾಕಿಸಿದ. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಸೋರಿಹೋಗಿತ್ತು. (ಇಲ್ಲೂ ಅರ್ಧ!) 2006ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಕಂಡದ್ದು ಇನ್ನೊಂದು. ಐದು ನಿಮಿಷದ ನಂತರ ಕೇಳಿದರೆ, ಮತ್ತೆ ಮತ್ತೆ ಓದಿದವರೇ ಮುಂದು. ವಾರದ ನಂತರ ಕೇಳಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಮುಂದು. ಇದನ್ನೆಲ್ಲ ಮಗಳಿಗೆ ಹೇಳಿ, "ಮುಚ್ಚಿಟ್ಟು ಬರಿ" ಅಂದೆ.

"ಅದನ್ನೇ ಮಾಡ್ತಿದ್ದೆ. ನೀನು ಕುರ್ಚಿ ಎಳೆದೆ."

ಸ್ವಲ್ಪ ಹೊತ್ತು ಬಿಟ್ಟು, ಆಸೆ ತಡೆಯಲಾರದೆ ಕೇಳಿದೆ. "ನನ್ನ ಮೇಲೆ ಯಾವುದನ್ನಾದರೂ ಇಟ್ಟಿದ್ದೀಯಾ?"

"ನಿನ್ನ ಮೇಲಾ? ನೀನು ಒಂದು ಕಡೆ ಇರಲ್ವಲ್ಲಪ್ಪ. ಲೈಟ್ ಆರಿಸ್ತಾ ಓಡಾಡ್ತಿರ್ತೀಯ."

ಕುರ್ಚಿಯನ್ನು ಇದ್ದಲ್ಲಿಗೇ ತಂದಿಟ್ಟೆ. ಬೆಳಕಿಲ್ಲದಿದ್ದರೂ ಸರಿ ಅಂತ ಪೇಪರ್ ಹಿಡಿದು ಕೂತೆ. ಒಳಗಿನಿಂದ ಮತ್ತೆ ದನಿ ಬಂತು.

"ಅಪ್ಪಾ, ಅದರ ಮೇಲೆ ಕೂತ್ಯಾ?"